ಹಕಾರ ಬಿಟ್ಟವರ ಊರಿಗೆ ಬಂದ ಮಾತಿನ ಮೇಷ್ಟ್ರು

(ಈ ವಾರದ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ದೀರಾ? ಹುಣಸೂರು, ಪಿರಿಯಾಪಟ್ಟಣ ಕಡೆಯಿಂದ ಮೈಸೂರಿಗೆ ಬರ್ತಾ ಇದ್ದರೆ ಒಂದು ಕೆಲಸ ಮಾಡಿ. ಹಿನಕಲ್ ದಾಟಿ ಊರೊಳಗೆ ಬರುವಾಗ ಫೋನಿಂದ ತಲೆ ಎತ್ತಿ ಕಿಟಕಿ ಕಡೆ ನೋಡ್ತಾ ಇರಿ. ಕಲಾಮಂದಿರ ಅನ್ನೋ ದೊಡ್ಡ ಕಟ್ಟಡ ಸಿಗುತ್ತೆ. ಅದರ ಆವರಣದೊಳಗೆ ಮರಗಳ ನಡುವೆ ರಂಗಾಯಣ ಇದೆ. ನಾನು ಪಿಯುಸಿ ಓದುವಾಗ ಎರಡು ವರ್ಷ ದಿನಾ ಅದರ ಮುಂದೇನೇ ಓಡಾಡಿದೆ, ಒಳಗೆ ಒಂದು ಸಲವೂ ಹೋಗಲಿಲ್ಲ. ಅಲ್ಲಿ ದೊಡ್ಡೋರು ಶುದ್ಧವಾಗಿ ಮಾತಾಡ್ತಾರೆ, ನಮ್ಮಂಥವರಿಗಲ್ಲ ಅಂತ ಅಂದ್ಕೊಂಡಿದ್ದೆ.

ಹಾಗೆ ಅಂದ್ಕೊಳ್ಳೋಕೆ ಕಾರಣ ಇತ್ತು. ನಾನು ಕೆ.ಆರ್. ನಗರ ತಾಲ್ಲೂಕಿನ ಹಳ್ಳಿಯವನು. ನಮ್ಮ ಕಡೆ ನಾಲಿಗೆಗೆ ‘ಹ’ ಹತ್ತೋದಿಲ್ಲ. ಹಾಲು ಆಲು, ಹಳ್ಳಿ ಅಳ್ಳಿ, ಹೋಗಿ ಅನ್ನೋದು ಓಗಿ. ಕಾಲೇಜಿನಲ್ಲಿ ಒಂದು ಭಾಷಣ ಸ್ಪರ್ಧೆಗೆ ನಿಂತು ‘ಕನ್ನಡದ ಇರಿಮೆ’ ಅಂದೆ. ಮುಂದಿನ ಸಾಲಿನವರು ನಕ್ಕರು. ತೀರ್ಪುಗಾರರು, “ಇರಿಯೋದು ಬೇಡಪ್ಪ, ಹಿರಿಮೆ ಸಾಕು” ಅಂದರು. ಆಮೇಲೆ ಎಷ್ಟೋ ದಿನ ಮೈಕ್ ಹತ್ತಿರ ಹೋಗಲಿಲ್ಲ. ಈಗ ಮೈಕ್ ಮುಂದೆ ಕೂತೇ ಹೊಟ್ಟೆ ಹೊರೀತಾ ಇದೀನಿ, ಅದು ಬೇರೆ ಮಾತು.

ಇವತ್ತಿನ ಸಂಚಿಕೆ, ಆ ರಂಗಾಯಣವನ್ನು ಕಟ್ಟಿ ನಿಲ್ಲಿಸಿದ ಮೇಷ್ಟ್ರ ಬಗ್ಗೆ. ಹೆಸರು ಬಾಬುಕೋಡಿ ವೆಂಕಟರಮಣ ಕಾರಂತ. ಎಲ್ಲರಿಗೂ ಬಿ.ವಿ. ಕಾರಂತ. (ಕಾದಂಬರಿ ಬರೆದ ಶಿವರಾಮ ಕಾರಂತರು ಬೇರೆ. ಪರೀಕ್ಷೆಯಲ್ಲಿ ಬಹಳ ಜನ ಇಲ್ಲೇ ಎಡವೋದು.) ಅವರನ್ನು ನಿರ್ದೇಶಕ ಅಂತಾರೆ, ಸಂಗೀತಗಾರ ಅಂತಾರೆ, ಸಿನಿಮಾದವರು ಅಂತಾರೆ. ಎಲ್ಲವೂ ನಿಜ. ಆದರೆ ನನ್ನ ಲೆಕ್ಕದಲ್ಲಿ ಅವರು ಮೊದಲು ಮೇಷ್ಟ್ರು. ಮಾತನ್ನು ನಾಲಿಗೆಗಿಂತ ಮೊದಲು ಕಿವಿಗೆ ಕಲಿಸಿದ ಮೇಷ್ಟ್ರು.

ಅವರ ಕಥೆಗೆ ಹೋಗೋ ಮುಂಚೆ ನಮ್ಮ ತಾತನ ಕಥೆ ಸ್ವಲ್ಪ ಹೇಳಬೇಕು, ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ.

ನಮ್ಮ ನಾಲ್ಕೂ ತಾಲ್ಲೂಕಿನಲ್ಲಿ, ಹುಣಸೂರಾಗಲಿ, ಪಿರಿಯಾಪಟ್ಟಣವಾಗಲಿ, ಕೆ.ಆರ್. ನಗರವಾಗಲಿ, ಎಚ್.ಡಿ. ಕೋಟೆಯಾಗಲಿ, ಊರಲ್ಲಿ ‘ನಾಟ್ಕ ಕಲಿಯೋದು’ ಅಂತ ಒಂದು ಇದೆ. ಕುರುಕ್ಷೇತ್ರ, ಶನಿಪ್ರಭಾವ, ದಾನಶೂರ ಕರ್ಣ. ಸುಗ್ಗಿ ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸ್ತಾರೆ. ತಿಂಗಳುಗಟ್ಟಲೆ ರಾತ್ರಿ ಹೊತ್ತು ಪ್ರಾಕ್ಟೀಸ್. ಪಾರ್ಟು ಹಾಕೋರಿಗೆ ದುಡ್ಡು ಕೊಡಲ್ಲ, ಅವರೇ ದುಡ್ಡು ಹಾಕಬೇಕು. ದುರ್ಯೋಧನನಿಗೆ ಜಾಸ್ತಿ, ದೂತನಿಗೆ ಕಮ್ಮಿ. ಸೀನರಿ ಬಾಡಿಗೆಗೆ ಬರುತ್ತೆ, ದ್ರೌಪದಿ ಪಾರ್ಟಿಗೆ ಪಟ್ಟಣದಿಂದ ಕಲಾವಿದೆ ಬರ್ತಾರೆ.

ನಮ್ಮ ತಾತ ಭೀಮ. ಹೆಬ್ಬೆಟ್ಟು. ಒಂದಕ್ಷರ ಓದೋಕೆ ಬರ್ತಿರಲಿಲ್ಲ. ಮನೇಲಿ, “ಲೇ ಮಗ, ಉಣ್ಸೂರಿಗೆ ಓಗ್ಬುಟ್ಟು ಬತ್ತೀನಿ” ಅನ್ನೋ ಮನುಷ್ಯ, ಬಣ್ಣ ಹಚ್ಚಿ ಗದೆ ಹಿಡಿದು ನಿಂತರೆ ಉದ್ದುದ್ದ ಗ್ರಾಂಥಿಕ ಕನ್ನಡ ತಪ್ಪಿಲ್ಲದೆ ಹೇಳೋರು. ಹಸ್ತಿನಾಪುರ ಹಸ್ತಿನಾಪುರವಾಗಿಯೇ ಬರೋದು. ಎಲ್ಲರಿಗೂ ಹಾಗೆ ಬರ್ತಿರಲಿಲ್ಲ ಅನ್ನಿ. ಒಬ್ಬ ಕೃಷ್ಣ ಜಾಗ್ರತೆ ಜಾಸ್ತಿಯಾಗಿ ಅರ್ಜುನನನ್ನ ‘ಹರ್ಜುನ’ ಅಂತ ಕರೆದು, ಯುದ್ಧ ಮುಗಿಯೋವರೆಗೂ ಅವನು ಹರ್ಜುನನಾಗೇ ಉಳಿದ.

ತಾತನಿಗೆ ಅದು ಹೇಗೆ ಬಂತು? ಪುಸ್ತಕದಿಂದ ಅಲ್ಲ. ಮೇಷ್ಟ್ರು ಒಂದು ಸಾಲು ಹೇಳೋರು, ಇವರು ಕೇಳಿ ತಿರುಗಿ ಹೇಳೋರು. ಕಂದಪದ್ಯ ಆದರೆ ಹಾರ್ಮೋನಿಯಂ ಜೊತೆ ಹಾಡೋರು. ಮತ್ತೆ, ಮತ್ತೆ. ಅವಮಾನ ಮಾಡಿ ತಿದ್ದೋದು ಅಲ್ಲಿರಲಿಲ್ಲ. ದುಡ್ಡು ಹಾಕಿದ ದುರ್ಯೋಧನನ ಮೇಲೆ ರೇಗಿದರೆ ನಾಟಕ ನಿಂತೇಹೋಗುತ್ತೆ! ತಾತನಿಗೆ ಎರಡು ನಾಲಿಗೆ ಇತ್ತು, ಯಾವುದು ಎಲ್ಲಿಗೆ ಅಂತ ಗೊತ್ತಿತ್ತು, ಯಾವುದರ ಬಗ್ಗೆಯೂ ನಾಚಿಕೆ ಇರಲಿಲ್ಲ.

ಈ ಹಾರ್ಮೋನಿಯಂ ಮೇಷ್ಟ್ರುಗಳ ಮೂಲ ಕಂಪನಿ ನಾಟಕದಲ್ಲಿದೆ. ಕಾರಂತರು ಹೊರಟಿದ್ದೂ ಅಲ್ಲಿಂದಲೇ.

1929ರಲ್ಲಿ ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ ಹುಟ್ಟಿದ ಹುಡುಗ. ಸುತ್ತ ತುಳು, ಯಕ್ಷಗಾನದ ಚೆಂಡೆ. ಮೂರನೇ ಕ್ಲಾಸಿನಲ್ಲಿ ಕುವೆಂಪು ಅವರ ‘ನನ್ನ ಗೋಪಾಲ’ ನಾಟಕದಲ್ಲಿ ಪಾರ್ಟು ಮಾಡಿದ. ಹುಚ್ಚು ಹತ್ತಿತು. ಇನ್ನೂ ಹುಡುಗನಾಗಿರುವಾಗಲೇ ಮನೆ ಬಿಟ್ಟು ಓಡಿ ಗುಬ್ಬಿ ವೀರಣ್ಣನವರ ಕಂಪನಿ ಸೇರಿಕೊಂಡ.

ಗುಬ್ಬಿ ಕಂಪನಿ ಅಂದರೆ ಏನು ಅಂತ ಇವತ್ತಿನವರಿಗೆ ಹೇಳೋದು ಕಷ್ಟ. 1884ರಲ್ಲಿ ಶುರುವಾದ ಸಂಸ್ಥೆ. ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆ ತಂದು ನಿಲ್ಲಿಸಿದವರು ಅವರು. ಡಾ. ರಾಜ್‌ಕುಮಾರ್ ಅವರ ತಂದೆ ಪುಟ್ಟಸ್ವಾಮಯ್ಯ ಅಲ್ಲಿ ನಟ, ರಾಜ್‌ಕುಮಾರ್ ಕೂಡ ಅದೇ ಕಂಪನಿಯ ಗರಡಿಯಲ್ಲಿ ಪಳಗಿದವರು. ಅಣ್ಣಾವ್ರು ಹೆಚ್ಚು ಓದಿದವರಲ್ಲ. ಆದರೂ ಅವರ ಕನ್ನಡ ಕೇಳಿ. ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗೆ. ಮೈಕ್ ಇಲ್ಲದ ಕಾಲದಲ್ಲಿ ಕೊನೇ ಸಾಲಿನ ನೆಲದ ಮೇಲೆ ಕೂತವನಿಗೂ ಮಾತು ತಲುಪಬೇಕಿತ್ತು. ತಲುಪದಿದ್ದರೆ ಸಿಳ್ಳೆ ಬೀಳೋದು. ಅದಕ್ಕಿಂತ ಕಟುವಾದ ಉಚ್ಚಾರಣೆ ಕ್ಲಾಸ್ ಬೇಕಾ?

ವೀರಣ್ಣನವರಿಗೆ ಈ ಹುಡುಗನಲ್ಲಿ ಏನು ಕಂಡಿತೋ, ಓದು ಅಂತ ಬನಾರಸ್‌ಗೆ ಕಳಿಸಿದರು. ಒಂದು ನಾಟಕ ಕಂಪನಿಯ ಯಜಮಾನ ತನ್ನಲ್ಲಿದ್ದ ಹುಡುಗನನ್ನು ಎಂ.ಎ. ಓದಿಸೋಕೆ ಕಳಿಸೋದು! ನನಗೆ ಈ ಕಥೆಯಲ್ಲಿ ಅತಿ ಇಷ್ಟವಾದ ಭಾಗ ಇದು. ಕಾರಂತರು ಅಲ್ಲಿ ಹಿಂದಿಯಲ್ಲಿ ಎಂ.ಎ. ಮಾಡಿದರು, ಪಂಡಿತ್ ಓಂಕಾರನಾಥ ಠಾಕೂರರ ಹತ್ತಿರ ಹಿಂದೂಸ್ತಾನಿ ಸಂಗೀತ ಕಲಿತರು. ಆಮೇಲೆ ದೆಹಲಿ. 1959ರಲ್ಲಿ ಹೊಸದಾಗಿ ಶುರುವಾಗಿದ್ದ ರಾಷ್ಟ್ರೀಯ ನಾಟಕ ಶಾಲೆ, ಅಂದರೆ ಎನ್‌ಎಸ್‌ಡಿ. 1962ರಲ್ಲಿ ಅಲ್ಲಿಂದ ತೇರ್ಗಡೆ.

ಈ ಊರೂರು ತಿರುಗಾಟದಲ್ಲಿ ಜೊತೆಗಿದ್ದವರು ಪ್ರೇಮಾ. ಮದುವೆಗೆ ಮೊದಲೇ ಟೀಚರ್. ದೆಹಲಿಯಲ್ಲೂ ಶಾಲೆಯಲ್ಲಿ ಪಾಠ ಹೇಳಿದರು, ಆಟ ಕಟ್ಟಿಸುತ್ತಾ ಪಾಠ ಮಾಡಿದರು. ಆಮೇಲೆ ತಾವೂ ಎನ್‌ಎಸ್‌ಡಿ ಸೇರಿ ಕಲಿತರು. 1979ರಲ್ಲಿ ಬೆಂಗಳೂರಿನಲ್ಲಿ ಬೆನಕ ಮಕ್ಕಳ ನಾಟಕ ಕೇಂದ್ರ ಶುರು ಮಾಡಿದ್ದು ಅವರು, ‘ಫಣಿಯಮ್ಮ’ ಸಿನಿಮಾ ನಿರ್ದೇಶಿಸಿದ್ದೂ ಅವರೇ. ಪ್ರೇಮಾ ಕಾರಂತರಿಗೆ ಇನ್ನೊಂದು ಪೂರ್ತಿ ಸಂಚಿಕೆ ಬೇಕು, ಮಾಡ್ತೀನಿ.

ಕಾರಂತರೂ 1969ರಿಂದ 1972ರವರೆಗೆ ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕದ ಮೇಷ್ಟ್ರಾಗಿದ್ದರು. ಇದು ಸಾಮಾನ್ಯವಾಗಿ ಅವರ ಜೀವನಚರಿತ್ರೆಯಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತೆ. ನನಗೆ ಅಲ್ಲಿ ನಿಲ್ಲಬೇಕು ಅನ್ನಿಸುತ್ತೆ. ಅವರು ಮಕ್ಕಳಿಗಾಗಿ ಕಟ್ಟಿದ ಒಂದು ನಾಟಕದ ಹೆಸರು ‘ಪಂಜರ ಶಾಲೆ’. ಮೂಲ ರವೀಂದ್ರನಾಥ ಟ್ಯಾಗೋರರ ಒಂದು ಗಿಳಿಯ ಕಥೆ. ಕಾಡಿನಲ್ಲಿ ಸುಮ್ಮನೆ ಹಾಡಿಕೊಂಡಿದ್ದ ಗಿಳಿಗೆ ವಿದ್ಯೆ ಕಲಿಸಬೇಕು ಅಂತ ರಾಜನಿಗೆ ಹೊಳೆಯುತ್ತೆ. ಚಿನ್ನದ ಪಂಜರ ಮಾಡಿಸ್ತಾರೆ, ಪಂಡಿತರು ಬರ್ತಾರೆ, ಪುಸ್ತಕದ ಹಾಳೆಗಳನ್ನು ಅದರ ಗಂಟಲಿಗೆ ತುರುಕ್ತಾರೆ. ಗಿಳಿಯ ಹಾಡು ನಿಲ್ಲುತ್ತೆ. ಕೊನೆಗೆ ಗಿಳಿಯೇ ಸಾಯುತ್ತೆ. ಮಾತು ಕಲಿಸುವ ಮೇಷ್ಟ್ರೊಬ್ಬರು ಮಕ್ಕಳ ಕೈಗೆ ಈ ಕಥೆ ಕೊಡ್ತಾರೆ ಅಂದರೆ, ತಮ್ಮ ಕಸುಬಿನ ಅಪಾಯ ಏನು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು ಅಂತಲೇ ಅರ್ಥ.

ಕರ್ನಾಟಕಕ್ಕೆ ಅವರು ಬಿರುಗಾಳಿ ಥರ ಬಂದಿದ್ದು 1972ರಲ್ಲಿ. ಬೆಂಗಳೂರಿನ ಬಯಲು ರಂಗದಲ್ಲಿ ಮೂರು ನಾಟಕ: ಗ್ರೀಕರ ‘ಈಡಿಪಸ್’, ಲಂಕೇಶರ ‘ಸಂಕ್ರಾಂತಿ’, ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’. ಜೋಕುಮಾರಸ್ವಾಮಿಯ ಭಾಷೆ ಉತ್ತರ ಕರ್ನಾಟಕದ ಹಳ್ಳಿಯದು. ಬೆಂಗಳೂರಿನ ಪ್ರೇಕ್ಷಕ ಅಂಥ ಮಾತನ್ನು ಅಲ್ಲಿಯವರೆಗೆ ಹೆಚ್ಚಾಗಿ ಕೇಳಿದ್ದು ನಗಿಸೋ ಆಳಿನ ಪಾತ್ರದ ಬಾಯಲ್ಲಿ. ಇಲ್ಲಿ ಇಡೀ ನಾಟಕವೇ ಆ ಮಾತಿನಲ್ಲಿ, ಹಾಡು ಕುಣಿತದ ಸಮೇತ. ಆಮೇಲೆ ಗಿರೀಶ ಕಾರ್ನಾಡರ ‘ಹಯವದನ’, ಶ್ರೀರಂಗರ ‘ಸತ್ತವರ ನೆರಳು’. ‘ಬೆನಕ’ ಅನ್ನೋ ತಂಡ ಹುಟ್ಟಿತು. ಬೆಂಗಳೂರು ನಗರ ಕಲಾವಿದರು, ಅದರ ಮೊದಲ ಅಕ್ಷರಗಳು ಸೇರಿ ಬೆನಕ.

ಕಾರಂತರ ಸಂಗೀತದ ಬಗ್ಗೆ ಒಂದು ಮಾತು, ಯಾಕಂದ್ರೆ ಪಾಠ ಅಲ್ಲೇ ಇದೆ. ಕಲ್ಲು, ಕೋಲು, ತೆಂಗಿನ ಚಿಪ್ಪು, ಏನು ಸಿಕ್ಕರೂ ಅದರಿಂದ ಶಬ್ದ ತೆಗೆಯೋರು. ಮೇಳದವರ ಬಾಯಿಂದಲೇ ಗಾಳಿ, ಮಳೆ, ಗುಂಪಿನ ಗದ್ದಲ. ರಂಗಸಂಗೀತ ಅಂದರೆ ನಾಟಕದ ನಡುವೆ ತುರುಕೋ ಹಾಡಲ್ಲ, ಅದೂ ಒಂದು ಪಾತ್ರ ಅನ್ನೋ ಹಾಗೆ ಕೆಲಸ ಮಾಡಿದರು. ‘ಚೋಮನ ದುಡಿ’ ಸಿನಿಮಾ ನೋಡಿದ್ದೀರಾ? 1975ರದ್ದು, ಶಿವರಾಮ ಕಾರಂತರ ಕಾದಂಬರಿ, ನಿರ್ದೇಶನ ಬಿ.ವಿ. ಕಾರಂತರದು, ದೇಶದ ಅತ್ಯುತ್ತಮ ಚಿತ್ರ ಅಂತ ಸ್ವರ್ಣಕಮಲ ಬಂತು. ತನ್ನದೇ ಒಂದು ತುಂಡು ಹೊಲ ಬೇಕು ಅನ್ನೋ ದಲಿತ ಚೋಮ ಧಣಿಯ ಮುಂದೆ ಮಾತಾಡಲಾರ. ರಾತ್ರಿ ಗುಡಿಸಲಲ್ಲಿ ಕೂತು ದುಡಿ ಬಡೀತಾನೆ. ಅವನ ಮಾತೆಲ್ಲ ಆ ಬಡಿತದಲ್ಲೇ ಇದೆ. ಬಾಯಿ ಕಟ್ಟಿಸಿಕೊಂಡವನಿಗೂ ದನಿ ಇರುತ್ತೆ, ಕೇಳೋ ಕಿವಿ ಬೇಕು ಅಷ್ಟೆ.

1977ರಲ್ಲಿ ಎನ್‌ಎಸ್‌ಡಿಗೇ ನಿರ್ದೇಶಕರಾದರು. ಅವರಿಗಿಂತ ಮುಂಚೆ ಇದ್ದವರು ಇಬ್ರಾಹಿಂ ಅಲ್ಕಾಜಿ, ಲಂಡನ್ನಿನಲ್ಲಿ ಕಲಿತು ಬಂದವರು, ಶಿಸ್ತಿಗೆ ಹೆಸರಾದವರು. ಕಾರಂತರು ಶಾಲೆಯನ್ನು ದೆಹಲಿಯಿಂದ ಹೊರಗೆ ಒಯ್ದರು, ದೂರದ ಮದುರೈವರೆಗೂ ಹೋಗಿ ಶಿಬಿರ ಮಾಡಿದರು. ಷೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ನಾಟಕವನ್ನು ಹಿಂದಿಯಲ್ಲಿ, ಯಕ್ಷಗಾನದ ಹೆಜ್ಜೆಯಲ್ಲಿ ಆಡಿಸಿದ್ದೂ ಆಗಲೇ. ಮುಂದೆ ಭೋಪಾಲ್‌ನ ಭಾರತ ಭವನ. ಅಲ್ಲಿ ರಂಗಮಂಡಲ ಕಟ್ಟಿ, ಬುಂದೇಲಿ ಥರದ ಆಡುಮಾತುಗಳಲ್ಲೂ ನಾಟಕ ಮಾಡಿಸಿದರು. ಹುಡುಗರು ಅವರನ್ನು ‘ಬಾಬಾ’ ಅಂತಿದ್ದರು.

ಇಲ್ಲೊಂದು ಕತ್ತಲೆ ಪುಟ ಇದೆ. ಹಾರಿಸಿ ಮುಂದೆ ಹೋಗೋದು ಸರಿಯಲ್ಲ. 1986ರಲ್ಲಿ ಭೋಪಾಲ್‌ನಲ್ಲಿ ತಂಡದ ನಟಿಯೊಬ್ಬರು ಸುಟ್ಟಗಾಯಗಳಿಂದ ಆಸ್ಪತ್ರೆ ಸೇರಿದರು. ಕಾರಂತರ ಬಂಧನವಾಯಿತು, ಜೈಲಿನಲ್ಲಿದ್ದರು, ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ಅದೇ ಸುದ್ದಿ. ಕೊನೆಗೆ ಆರೋಪದಿಂದ ಮುಕ್ತರಾದರು. ಆದರೆ ಭೋಪಾಲ್ ಅಧ್ಯಾಯ ಅಲ್ಲಿಗೆ ಮುಗಿಯಿತು.

ಅಂಥ ಹೊತ್ತಿನ ನಂತರ, 1989ರಲ್ಲಿ, ಕರ್ನಾಟಕ ಸರ್ಕಾರ ಮೈಸೂರಿನಲ್ಲಿ ರಂಗಾಯಣ ಶುರು ಮಾಡಿತು. ಮೊದಲ ನಿರ್ದೇಶಕರು ಕಾರಂತರು. ವಯಸ್ಸು ಅರವತ್ತು. ರಾಜ್ಯದ ಮೂಲೆಮೂಲೆಯಿಂದ ಹುಡುಗ ಹುಡುಗಿಯರನ್ನು ಆರಿಸಿದರು. ಕರಾವಳಿಯವರು, ಮಲೆನಾಡಿನವರು, ಉತ್ತರ ಕರ್ನಾಟಕದವರು, ಮಂಡ್ಯದವರು. ಒಂದೇ ಅಂಗಳದಲ್ಲಿ ಅಷ್ಟೊಂದು ಕನ್ನಡ! ಬೆಳಿಗ್ಗೆಯಿಂದ ದೇಹಕ್ಕೆ, ದನಿಗೆ ತಾಲೀಮು, ಹಾಡು, ನಾಟಕ. ಜೊತೆಗೆ ಸಂಬಳ. ನಟನೆ ಅನ್ನೋದು ತಿಂಗಳ ಸಂಬಳದ ಉದ್ಯೋಗ ಅಂತ ನಮ್ಮ ಹಳ್ಳಿ ಜನ ಮೊದಲು ನೋಡಿದ್ದು ಅಲ್ಲಿ. ನಮ್ಮ ತಾತ ದುಡ್ಡು ಕೊಟ್ಟು ಭೀಮ ಆಗಿದ್ದವರು, ನೆನಪಿದೆಯಲ್ಲ?

ಈಗ ‘ಹ’ ವಿಷಯಕ್ಕೆ ವಾಪಸ್ ಬರೋಣ. ನಾನು ಕಾಲೇಜಿನಲ್ಲಿ ನಗೆಪಾಟಲಾದೆನಲ್ಲ, ಆವತ್ತು ನನಗೆ ಒಂದು ಸಂಗತಿ ಗೊತ್ತಿರಲಿಲ್ಲ. ಹಳಗನ್ನಡದಲ್ಲಿ ಹಾಲಿಗೆ ‘ಪಾಲ್’, ಹಳ್ಳಿಗೆ ‘ಪಳ್ಳಿ’, ಹುಲಿಗೆ ‘ಪುಲಿ’. ಪಂಪ 941ರಲ್ಲಿ ಬರೆದಿದ್ದು ‘ಪ’ ಇರುವ ಕನ್ನಡ. ಸುಮಾರು ಹತ್ತನೇ ಶತಮಾನದಿಂದ ಶುರುವಾಗಿ ಮುಂದಿನ ನಾಲ್ಕೈದು ನೂರು ವರ್ಷದಲ್ಲಿ ಜನರ ಬಾಯಲ್ಲಿ ಈ ‘ಪ’ ಸವೆದು ‘ಹ’ ಆಯಿತು. ಆಮೇಲೆ ನಮ್ಮ ಕಡೆ ಅದು ಇನ್ನೂ ಒಂದು ಹೆಜ್ಜೆ ಸವೆದು ಬರೀ ಸ್ವರ ಉಳಿಯಿತು. ಅಂದರೆ ‘ಶುದ್ಧ’ ಅಂತ ನಾವು ಹೆದರೋ ಆ ‘ಹ’ ಕೂಡ ಒಂದು ಕಾಲದ ಆಡುಮಾತೇ.

ನಮ್ಮ ಊರುಗಳ ಹೆಸರಲ್ಲೇ ಈ ಮೂರೂ ಕಾಲ ಇದೆ, ನೋಡಿ. ಪಿರಿಯಾಪಟ್ಟಣದ ‘ಪಿರಿಯ’ ಅಂದರೆ ಹಿರಿಯ, ದೊಡ್ಡ. ಹಳೇ ‘ಪ’ ಹಾಗೇ ಕೂತಿದೆ. ಹುಣಸೂರನ್ನು ಹುಣಸೆಯ ಊರು ಅಂತ ಬಿಡಿಸಿ ಹೇಳ್ತಾರೆ. ಹುಣಸೆ ಹಿಂದೆ ‘ಪುಣಸೆ’ ಆಗಿತ್ತು, ಈಗ ಬೋರ್ಡಿನಲ್ಲಿ ಹುಣಸೂರು, ತಾತನ ಬಾಯಲ್ಲಿ ಉಣ್ಸೂರು. ಹೆಗ್ಗಡದೇವನಕೋಟೆಯ ಹೆಗ್ಗಡೆ ಶಾಸನಗಳಲ್ಲಿ ‘ಪೆರ್ಗಡೆ’. ಅಲ್ಲಿನ ಅಜ್ಜಿಯರ ಬಾಯಲ್ಲಿ ಎಗ್ಗಡದೇವನಕೋಟೆ. ನಮ್ಮ ಕೆ.ಆರ್. ನಗರ ಒಂದೇ ಪಾರಾಗಿದ್ದು, ಅದರ ಹಳೇ ಹೆಸರು ಎಡತೊರೆ, ಬಿಡೋಕೆ ‘ಹ’ನೇ ಇರಲಿಲ್ಲ.

ಲಂಡನ್ನಿನ ಬಡವರೂ ‘ಹ’ ಬಿಡ್ತಾರೆ. ಬರ್ನಾರ್ಡ್ ಷಾ 1913ರಲ್ಲಿ ರಂಗಕ್ಕೆ ಬಂದ ‘ಪಿಗ್ಮೇಲಿಯನ್’ ನಾಟಕವನ್ನು ಉಚ್ಚಾರಣೆಯ ಮೇಲೇ ಬರೆದ. ಹೂ ಮಾರೋ ಹುಡುಗಿಗೆ ಪ್ರೊಫೆಸರ್ ಒಬ್ಬ ಮೇಲ್ವರ್ಗದ ಇಂಗ್ಲಿಷ್ ಕಲಿಸ್ತಾನೆ. ಕಲಿತ ಮೇಲೆ ಅವಳ ಪ್ರಶ್ನೆ ಇದು: ಈಗ ನಾನು ಎಲ್ಲಿಗೆ ಸೇರಿದವಳು? ಹಳೇ ಬೀದಿಗೂ ಇಲ್ಲ, ಹೊಸ ಬಂಗಲೆಗೂ ಇಲ್ಲ.

ಹಳ್ಳಿಯಿಂದ ಮೈಸೂರಿಗೆ ಬಂದ ಎಷ್ಟೋ ಹುಡುಗರ ಪ್ರಶ್ನೆಯೂ ಅದೇ. ಇಂಟರ್‌ವ್ಯೂನಲ್ಲಿ ಒಂದು ಕನ್ನಡ, ಅಮ್ಮನ ಜೊತೆ ಫೋನಲ್ಲಿ ಇನ್ನೊಂದು, ಅದೂ ಪಕ್ಕದವರಿಗೆ ಕೇಳಿಸದ ಹಾಗೆ ಪಿಸುಮಾತಿನಲ್ಲಿ. ಎರಡು ನಾಲಿಗೆ ನಮ್ಮ ತಾತನಿಗೂ ಇತ್ತು ಅಂದೆನಲ್ಲ. ಅವರು ಪಿಸುಗುಡ್ತಿರಲಿಲ್ಲ. ‘ಹ’ ಕಲಿಯೋದು ಬೇಡ ಅಂತ ನಾನು ಹೇಳ್ತಾ ಇಲ್ಲ. ಕಲೀಬೇಕು. ನಾನೂ ಕಷ್ಟಪಟ್ಟು ಕಲಿತೆ. ಸುದ್ದಿ ಓದುವಾಗ ‘ಅಲ್ಲೆ’ ಅಂದರೆ ಹಲ್ಲೆಯೋ, ಅಲ್ಲಿಯೇ ಅಂತಲೋ ಕೇಳುಗನಿಗೆ ಗೊತ್ತಾಗಬೇಕಲ್ಲ. ಆದರೆ ಒಂದನ್ನು ಕಲಿಸೋಕೆ ಇನ್ನೊಂದನ್ನು ಕೊಲ್ಲಬೇಕಾಗಿಲ್ಲ. ಕಾರಂತರ ಬದುಕಿನಿಂದ ನಾನು ತೆಗೆದುಕೊಂಡದ್ದು ಇಷ್ಟು. ಅವರು ಕಂಪನಿಯ ಅಬ್ಬರದ ಮಾತನ್ನೂ ಬಿಡಲಿಲ್ಲ, ಕಂಬಾರರ ಜವಾರಿ ಮಾತನ್ನೂ, ಪು.ತಿ.ನ. ಅವರ ‘ಗೋಕುಲ ನಿರ್ಗಮನ’ದ ಹಾಡಿನಂಥ ಕನ್ನಡವನ್ನೂ ಬಿಡಲಿಲ್ಲ. ಎಲ್ಲಕ್ಕೂ ಕಿವಿ ಕೊಟ್ಟರು.

ರಂಗಾಯಣದಲ್ಲಿ ಮುಂದೆ ಅದು ಇನ್ನೂ ಗಟ್ಟಿಯಾಯಿತು. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ನಂಜನಗೂಡು ಕಡೆಯ ಮಾತಿನಲ್ಲಿರುವ ಕಾದಂಬರಿ, ಓದೋಕೇ ಕಷ್ಟ ಅಂತ ಪಂಡಿತರು ಗೊಣಗಿದ್ದ ಪುಸ್ತಕ. ಸಿ. ಬಸವಲಿಂಗಯ್ಯ ಅದನ್ನು ರಂಗಾಯಣದ ಕಲಾವಿದರಿಂದ ಆಡಿಸಿದರು. ಹಾವೇರಿಯವರೂ ಮಂಗಳೂರಿನವರೂ ಸೇರಿ ನಮ್ಮ ಸೀಮೆಯ ಮಾತು ಕಲಿತರು! 2010ರಲ್ಲಿ ಅದೇ ಬಸವಲಿಂಗಯ್ಯ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ತಂದರು, ಬಯಲಲ್ಲಿ, ರಾತ್ರಿಯಿಡೀ, ಸುಮಾರು ಒಂಬತ್ತು ಗಂಟೆ. ನಮ್ಮ ಕುರುಕ್ಷೇತ್ರದ ಹಾಗೆ ಕಂಬಳಿ ಹೊದ್ದು ಕೂತು ಜನ ನೋಡಿದರು. ಕಾರಂತರ ಶಿಷ್ಯರಲ್ಲೊಬ್ಬರಾದ ಮಂಡ್ಯ ರಮೇಶ್ ಮೈಸೂರಿನಲ್ಲೇ ‘ನಟನ’ ರಂಗಶಾಲೆ ಕಟ್ಟಿದ್ದಾರೆ.

ಎಲ್ಲ ಚೆನ್ನಾಗೇ ಆಯಿತು ಅನ್ನೋ ಹಾಗಿಲ್ಲ. ಕಾರಂತರು 1995ರವರೆಗೆ ರಂಗಾಯಣದಲ್ಲಿದ್ದರು. ಅವರು ಆರಿಸಿದ ಹುಡುಗರು ಅಲ್ಲೇ ನೌಕರಿಯಲ್ಲಿ ನಡುವಯಸ್ಸು ದಾಟಿದರು. ಸರ್ಕಾರಿ ಸಂಬಳ ನಟನಿಗೆ ಅನ್ನ ಕೊಡುತ್ತೆ, ಜೊತೆಗೆ ಕಡತ, ಸುತ್ತೋಲೆ, ನಿರ್ದೇಶಕರ ಬದಲಾವಣೆಯನ್ನೂ ತರುತ್ತೆ. ಶಿವಮೊಗ್ಗ, ಧಾರವಾಡ, ಕಲಬುರಗಿಗಳಲ್ಲೂ ರಂಗಾಯಣ ಬಂತು. ಆದರೆ ಎಚ್.ಡಿ. ಕೋಟೆಯ ಹಾಡಿಯ ಜೇನುಕುರುಬರ ಹುಡುಗಿಗೆ ಕಲಾಮಂದಿರದ ಗೇಟು ಇವತ್ತಿಗೂ ದೂರವೇ. ಐವತ್ತು ಕಿಲೋಮೀಟರಿನ ದೂರ ಮಾತ್ರ ಅಲ್ಲ ಅದು.

ಕಾರಂತರು ತೀರಿಕೊಂಡಿದ್ದು 2002ರ ಸೆಪ್ಟೆಂಬರ್ 1ರಂದು. ಅವರ ಆತ್ಮಕಥೆ ಇದೆ, ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’. ಅದನ್ನು ಅವರು ಕೂತು ಬರೆದದ್ದಲ್ಲ. ಅವರು ಹೇಳುತ್ತಾ ಹೋದರು, ವೈದೇಹಿ ಕೇಳಿ ಬರೆದುಕೊಂಡರು. ಹುಡುಕಿ ಓದಿ. ಆಗದಿದ್ದರೆ ‘ಚೋಮನ ದುಡಿ’ಯನ್ನಾದರೂ ನೋಡಿ, ಒಳ್ಳೇ ಇಯರ್‌ಫೋನ್ ಹಾಕ್ಕೊಂಡು.

ನಾನು ಕೊನೆಗೂ ಆ ಗೇಟಿನೊಳಗೆ ಹೋದೆ, ಕೆಲಸಕ್ಕೆ ಸೇರಿದ ಮೇಲೆ, ತಾತನ ಜೊತೆ. ನಾಟಕ ಮುಗಿದ ಮೇಲೆ ಏನನ್ನಿಸ್ತು ಅಂತ ಕೇಳಿದೆ. “ಚಂದಾಗಿ ಏಳ್ತರೆ ಕಣ್ಲಾ. ಆದ್ರೆ ಆರ್ಮೋನಿಯಂ ಮೇಷ್ಟ್ರು ಎಲ್ಲಿ ಕೂತವ್ರೆ, ಕಾಣಾಕಿಲ್ವಲ್ಲ?” ಅಂದರು.